ಸ್ಟೀರಿಯೋಟೈಪ್: ಒಂದು ಗಟ್ಟಿ ಅಚ್ಚಿನ ಕಥೆ

(ದತ್ತಿ ಉಪನ್ಯಾಸದ ಲಿಖಿತ ರೂಪ)



ಈ ದತ್ತಿ ಅಚ್ಚುಕೂಟ ನಡೆಸಿ ಬಾಳಿದ ಹಿರಿಯರೊಬ್ಬರ ನೆನಪಿನದು. ಭಾಷೆಯ ಬಗ್ಗೆ ಮಾತಾಡಿ, ಆದರೆ ಅದಕ್ಕೆ ಸ್ವಲ್ಪ ಮಸಿಯ ವಾಸನೆಯೂ ಇರಲಿ ಎಂದು ಸಂಘಟಕರು ಹೇಳಿದರು. ಎರಡಕ್ಕೂ ಒಗ್ಗುವ ಒಂದು ಇಂಗ್ಲಿಷ್ ಪದವನ್ನು ಆರಿಸಿಕೊಂಡು ಬಂದಿದ್ದೇನೆ. ಪತ್ರಿಕೆಗಳ ಸಿನಿಮಾ ಪುಟದಲ್ಲಿ, ಕಾಲೇಜುಗಳ ವಿಚಾರ ಸಂಕಿರಣದಲ್ಲಿ, ಮನೆಯ ಜಗಳದಲ್ಲಿ ಕೂಡ ಈಗ ಸಲೀಸಾಗಿ ಓಡಾಡುವ ಪದ ಅದು: ಸ್ಟೀರಿಯೋಟೈಪ್.

ನಮ್ಮ ಬಾಯಲ್ಲಿ ಅದು ಬಯ್ಗುಳ. ‘ಅತ್ತೆಯ ಪಾತ್ರ ತೀರಾ ಸ್ಟೀರಿಯೋಟೈಪ್’ ಎಂದರೆ ಬರೆದವನು ಯೋಚನೆ ಮಾಡಿಲ್ಲ ಎಂದರ್ಥ. ಆಲೋಚನೆ ಹೆಪ್ಪುಗಟ್ಟಿದೆ, ಬಗ್ಗುವುದಿಲ್ಲ, ಬದಲಾಗುವುದಿಲ್ಲ ಎಂಬ ದೂರು ಆ ಪದದೊಳಗಿದೆ. ಆದರೆ ಹುಟ್ಟಿದಾಗ ಅದು ಹೊಗಳಿಕೆಯ ಪದವಾಗಿತ್ತು. ಬದಲಾಗದಿರುವುದೇ ಆ ಸರಕಿನ ಹೆಗ್ಗಳಿಕೆ, ಅದನ್ನು ಹೇಳಿಯೇ ಮಾರುತ್ತಿದ್ದರು. ಆ ಬಿಗಿತನ ಯಾರಿಗೆ ಏಕೆ ಬೇಕಾಗಿತ್ತು ಎಂಬುದು ತಿಳಿಯದೆ ಇಂದಿನ ಬಯ್ಗುಳವೂ ಸರಿಯಾಗಿ ಅರ್ಥವಾಗುವುದಿಲ್ಲ ಎಂದು ನನಗನ್ನಿಸುತ್ತದೆ.

ಪದವನ್ನು ಬಿಡಿಸುವುದು ಸುಲಭ. ಗ್ರೀಕ್ ಭಾಷೆಯಲ್ಲಿ ‘ಸ್ಟೆರೆಯೋಸ್’ ಎಂದರೆ ಗಟ್ಟಿಯಾದದ್ದು, ಘನವಾದದ್ದು. ‘ಟ್ಯೂಪೋಸ್’ ಎಂದರೆ ಹೊಡೆತ, ಹೊಡೆತದಿಂದ ಬಿದ್ದ ಗುರುತು, ಅಚ್ಚು. ಎರಡೂ ಸೇರಿದರೆ ಗಟ್ಟಿ ಅಚ್ಚು. ಈ ‘ಗಟ್ಟಿ’ಯ ನೆಂಟರು ನಮ್ಮ ಮನೆಯಲ್ಲೇ ಇದ್ದಾರೆ. ಹಾಡು ಕೇಳುವ ಸ್ಟೀರಿಯೋ ಒಬ್ಬ: ಎರಡು ಕಡೆಯಿಂದ ಬಂದು ಘನವಾಗಿ ನಿಲ್ಲುವ ಧ್ವನಿ ಎಂಬ ಅರ್ಥದಲ್ಲಿ ಆ ಹೆಸರು. ಇನ್ನೊಬ್ಬ ವೈದ್ಯರ ಚೀಟಿಯಲ್ಲಿ ಸಿಗುತ್ತಾನೆ: ಕೊಲೆಸ್ಟರಾಲ್. 19ನೇ ಶತಮಾನದ ಆರಂಭದಲ್ಲಿ ಅದಕ್ಕೆ ಹೆಸರಿಟ್ಟಾಗ ಅದು ಪಿತ್ತಕೋಶದ ಕಲ್ಲುಗಳಲ್ಲಿ ಸಿಕ್ಕ ವಸ್ತು. ‘ಖೊಲೆ’ ಎಂದರೆ ಪಿತ್ತ, ‘ಸ್ಟೆರೆಯೋಸ್’ ಎಂದರೆ ಗಟ್ಟಿ. ಗಟ್ಟಿಪಿತ್ತ.

ಬೇರು ಇಷ್ಟೇ. ಪದಕ್ಕೆ ಮಾಂಸ ತುಂಬಿದ್ದು ಅಚ್ಚುಕೂಟದಲ್ಲಿ.

ಮೊಳೆ ಜೋಡಿಸಿ ಅಚ್ಚು ಹಾಕುವ ಕೆಲಸ ಕಂಡವರು ಈ ಸಭೆಯಲ್ಲಿ ಇನ್ನೂ ಇದ್ದಾರೆ. ಕಂಪೋಸಿಟರ್ ಕೇಸಿನ ಮುಂದೆ ನಿಂತು ಒಂದೊಂದೇ ಸೀಸದ ಮೊಳೆ ಹೆಕ್ಕಿ ಸಾಲು ಕಟ್ಟುತ್ತಾನೆ. ಪುಟಗಳನ್ನು ಚೌಕಟ್ಟಿನಲ್ಲಿ ಬಿಗಿದು, ಕರಡು ತೆಗೆದು, ತಿದ್ದಿ, ಬೇಕಾದಷ್ಟು ಪ್ರತಿ ಒತ್ತಿ ಆದಮೇಲೆ ಅಷ್ಟನ್ನೂ ಬಿಚ್ಚಿ ಮತ್ತೆ ಕೇಸಿನ ಮನೆಮನೆಗೆ ಹಾಕಬೇಕು. ಮೊಳೆ ದುಬಾರಿ ವಸ್ತು. ಒಂದು ಪುಸ್ತಕಕ್ಕಾಗಿ ಅದನ್ನು ಕಟ್ಟಿಟ್ಟುಕೊಂಡು ಕೂತರೆ ಮುಂದಿನ ಪುಸ್ತಕಕ್ಕೆ ಅಕ್ಷರವೇ ಇರುವುದಿಲ್ಲ. ಹಾಗಾಗಿ ಪ್ರಕಾಶಕ ಮೊದಲೇ ಜೂಜಾಡಬೇಕಿತ್ತು. ಸಾವಿರ ಪ್ರತಿ ಸಾಕೆ, ಐದು ಸಾವಿರ ಹಾಕಲೆ? ಹೆಚ್ಚು ಹಾಕಿದರೆ ಕಾಗದದ ದುಡ್ಡು ಗೋದಾಮಿನಲ್ಲಿ ಕೊಳೆಯುತ್ತದೆ, ಆ ಕಾಲದಲ್ಲಿ ಕಾಗದ ಚಿಲ್ಲರೆ ಖರ್ಚಲ್ಲ. ಕಡಿಮೆ ಹಾಕಿದರೆ, ಪುಸ್ತಕ ಖರ್ಚಾದಮೇಲೆ ಮೊದಲ ಅಕ್ಷರದಿಂದ ಮತ್ತೆ ಜೋಡಣೆ, ಮತ್ತೆ ಕೂಲಿ, ಮತ್ತೆ ಕರಡು. ಹಳೆಯ ತಪ್ಪುಗಳು ಹೋಗಿ ಹೊಸ ತಪ್ಪುಗಳು ಬರುವುದು ಬೇರೆ.

ಜೋಡಿಸಿದ ಪುಟವನ್ನೇ ಹಾಗೇ ಅಚ್ಚು ತೆಗೆದು, ಅದಕ್ಕೆ ಕಾದ ಲೋಹ ಹೊಯ್ದು, ಒಂದೇ ತಟ್ಟೆಯಾಗಿ ಎರಕ ತೆಗೆದುಬಿಟ್ಟರೆ? ಸಂಕ್ರಾಂತಿಗೆ ಸಕ್ಕರೆ ಅಚ್ಚು ಮಾಡುವ ಮನೆಯವರಿಗೆ ಈ ಉಪಾಯ ಹೊಸದೆನಿಸಲಾರದು. ಮೊಳೆಗಳನ್ನು ಬಿಚ್ಚಿ ಬೇರೆ ಕೆಲಸಕ್ಕೆ ಹಚ್ಚಬಹುದು, ತಟ್ಟೆಯನ್ನು ಅಟ್ಟದ ಮೇಲಿಡಬಹುದು, ಬೇಕಾದಾಗ ಇಳಿಸಿ ಇನ್ನೂರು ಪ್ರತಿ ಒತ್ತಬಹುದು.

ಇದನ್ನು ಹಟ ಹಿಡಿದು ಮಾಡಿದವನು ಎಡಿನ್‌ಬರೊ ನಗರದ ವಿಲಿಯಂ ಗೆಡ್. ಅವನು ಮುದ್ರಕನಲ್ಲ, ಅಕ್ಕಸಾಲಿಗ. ಮೊಳೆಗಳಿಗೆ ಸ್ಕಾಟ್ಲೆಂಡಿನ ಮುದ್ರಕರು ಪರವೂರಿನವರ ಬಾಯಿ ನೋಡಬೇಕಾಗಿದ್ದ ಕಾಲ. ಎರಕದ ಕೆಲಸ ಬಲ್ಲ ಅಕ್ಕಸಾಲಿಗನಿಗೆ ಇಡೀ ಪುಟವನ್ನೇ ಎರಕ ತೆಗೆಯಬಹುದಲ್ಲ ಎಂದು 1725ರ ಹೊತ್ತಿಗೆ ಹೊಳೆಯಿತು. ದುಡ್ಡಿಲ್ಲದೆ ಪಾಲುದಾರರನ್ನು ಹುಡುಕಿಕೊಂಡು ಲಂಡನ್ನಿಗೆ ಹೋದ. 1730ರ ದಶಕದ ಆರಂಭದಲ್ಲಿ ಅವನ ಕೂಟಕ್ಕೆ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಬೈಬಲ್ ಮತ್ತು ಪ್ರಾರ್ಥನಾ ಪುಸ್ತಕ ಅಚ್ಚು ಹಾಕುವ ಹಕ್ಕೂ ಸಿಕ್ಕಿತು. ಅಲ್ಲಿಂದ ಮುಂದಿನದು ಕೈಕೆಲಸದವರ ಹೊಟ್ಟೆಪಾಡಿನ ಕಥೆ. ಒಮ್ಮೆ ಎರಕ ಹೊಯ್ದರೆ ಮುಗಿಯಿತು, ಮತ್ತೆ ಮೊಳೆ ಜೋಡಿಸುವ ಕೆಲಸವೇ ಇಲ್ಲ ಎಂಬುದು ಕಂಪೋಸಿಟರುಗಳಿಗೆ ಅರ್ಥವಾಗಲು ತಡವಾಗಲಿಲ್ಲ. ಒಂದು ತಪ್ಪು ತಿದ್ದುವ ನೆಪದಲ್ಲಿ ಬೇಕೆಂದೇ ಇನ್ನಷ್ಟು ತಪ್ಪು ತೂರಿಸಿದರು. ಯಂತ್ರದ ಹತ್ತಿರದವರು ಅಕ್ಷರಗಳ ಮುಖ ಜಜ್ಜಿದರು. ಪುಸ್ತಕಗಳನ್ನು ತಡೆಹಿಡಿಯಲಾಯಿತು, ತಟ್ಟೆಗಳು ಕುಲುಮೆ ಸೇರಿದವು. ಗೆಡ್ ಎಡಿನ್‌ಬರೊಗೆ ಮರಳಿದ. ಮಗನನ್ನು ಮುದ್ರಕನೊಬ್ಬನ ಬಳಿ ಕೆಲಸಕ್ಕಿಟ್ಟು, ಬೇರೆ ಕೆಲಸಗಾರರು ಮನೆಗೆ ಹೋದಮೇಲೆ ರಾತ್ರಿ ಹೊತ್ತು ಅವನಿಂದಲೇ ಪುಟ ಜೋಡಿಸಿಕೊಂಡ ಎನ್ನುತ್ತಾರೆ. ಹಾಗೆ ಹೊರಬಂದದ್ದು ರೋಮನ್ ಇತಿಹಾಸಕಾರ ಸಲಸ್ಟನ ಕೃತಿ, 1739ರ ಇಸವಿ ಹೊತ್ತ ಆವೃತ್ತಿ. ಬಿಡಿ ಮೊಳೆಗಳಿಂದಲ್ಲ, ಎರಕದ ತಟ್ಟೆಗಳಿಂದ ಅಚ್ಚಾದದ್ದು ಎಂಬ ಮಾತು ಅದರ ಮುಖಪುಟದಲ್ಲೇ ಇದೆ. ಹತ್ತು ವರ್ಷದ ನಂತರ, 1749ರಲ್ಲಿ, ಗೆಡ್ ಬಡತನದಲ್ಲಿ ತೀರಿಕೊಂಡ.

ಆ ಕಂಪೋಸಿಟರುಗಳನ್ನು ಮುದ್ರಣದ ಇತಿಹಾಸಗಳು ಖಳನಾಯಕರಂತೆ ಚಿತ್ರಿಸುತ್ತವೆ. ನನಗೆ ಹಾಗನ್ನಿಸುವುದಿಲ್ಲ. ಗಟ್ಟಿ ಅಚ್ಚಿನ ಸ್ವಭಾವವನ್ನು ಮೊದಲು ಸರಿಯಾಗಿ ಓದಿದವರು ಅವರೇ. ಒಂದು ವಿಷಯವನ್ನು ಎರಡನೆಯ ಸಲ ಕೈಯಿಂದ ಜೋಡಿಸುವ ಅಗತ್ಯವೇ ಇಲ್ಲವಾದರೆ ಕೈಗೆ ಏನು ಕೆಲಸ?

ಆದರೆ ಗೆಡ್‌ನ ಕಾಲಕ್ಕೆ ಆ ವಸ್ತುವಿಗೆ ಈ ಹೆಸರಿರಲಿಲ್ಲ. ಹೆಸರು ಕೊಟ್ಟವನು ಪ್ಯಾರಿಸ್ಸಿನ ಫಿರ್ಮಾಂ ದಿದೋ, ದೊಡ್ಡ ಮುದ್ರಕರ ಮನೆತನದವನು. ಸಂದರ್ಭ ಸ್ವಾರಸ್ಯದ್ದು. ಅವನ ಎದುರಿಗಿದ್ದದ್ದು ಕಾವ್ಯವಲ್ಲ, ಧರ್ಮಗ್ರಂಥವಲ್ಲ. ಫ್ರಾನ್ಸ್ವಾ ಕಾಲೆ ಎಂಬ ಗಣಿತಜ್ಞನ ಲಾಗರಿದಮ್ ಕೋಷ್ಟಕ. ಪಿಯುಸಿಯಲ್ಲಿ ವಿಜ್ಞಾನ ಓದಿದ ನಮ್ಮ ತಲೆಮಾರಿನವರು ಕ್ಲಾರ್ಕ್ಸ್ ಟೇಬಲ್ ಇಲ್ಲದೆ ಪ್ರಯೋಗಾಲಯಕ್ಕೆ ಕಾಲಿಟ್ಟವರಲ್ಲ. ಪುಟದ ತುಂಬಾ ಅಂಕಿಗಳೇ ಇರುವ ಪುಸ್ತಕ ಹೇಗಿರುತ್ತದೆಂದು ಅವರಿಗೆ ಗೊತ್ತು. ಮಾತಿನಲ್ಲಿ ಒಂದು ಅಕ್ಷರ ತಪ್ಪಿದರೆ ಓದುಗ ತಾನೇ ತಿದ್ದಿಕೊಳ್ಳುತ್ತಾನೆ. ಕೋಷ್ಟಕದಲ್ಲಿ 7 ಇರಬೇಕಾದಲ್ಲಿ 1 ಬಿದ್ದರೆ ಅದು ತಪ್ಪೆಂದು ಕೂಗಿ ಹೇಳುವವರು ಅಕ್ಕಪಕ್ಕದಲ್ಲಿ ಯಾರೂ ಇಲ್ಲ. ಸಮುದ್ರದ ಮೇಲೆ ಹಡಗಿನವನು ಅದನ್ನು ನಂಬಿ ದಿಕ್ಕು ಲೆಕ್ಕ ಹಾಕುತ್ತಾನೆ.

ದಿದೋ ಮಾಡಿದ್ದು ಇಷ್ಟು: ಕಾಲೆಯ ಪುಟಗಳನ್ನು ಜೋಡಿಸಿ, ಮೊಳೆಗಳ ತಳವನ್ನು ಒಂದಕ್ಕೊಂದು ಬೆಸೆದುಬಿಟ್ಟ. ಪುಟ ಅಲುಗಾಡದ ಒಂದೇ ಹಲಗೆಯಾಯಿತು. ಗಟ್ಟಿ ಅಚ್ಚು ಎಂಬ ಹೊಸ ಹೆಸರು ಆಗ, 1795ರಲ್ಲಿ, ಚಾಲ್ತಿಗೆ ಬಂತು. ಒಂದು ತಪ್ಪು ಸಿಕ್ಕಿತೆ, ಆ ಒಂದು ಅಂಕಿಯನ್ನು ಬದಲಿಸಿದರಾಯಿತು, ಉಳಿದದ್ದು ಇದ್ದ ಹಾಗೇ ಇರುತ್ತದೆ. ಪ್ರತಿ ಮುದ್ರಣದಲ್ಲೂ ತಪ್ಪುಗಳ ಸಂಖ್ಯೆ ಇಳಿಯುತ್ತದೆಯೇ ಹೊರತು ಏರಲು ದಾರಿಯೇ ಇಲ್ಲ. ಬಿಡಿ ಮೊಳೆಯ ಮುದ್ರಣದಲ್ಲಿ ಈ ಭರವಸೆ ಕೊಡುವುದು ಸಾಧ್ಯವಿರಲಿಲ್ಲ. ಅಂದರೆ ‘ಸ್ಟೀರಿಯೋಟೈಪ್’ ಎಂಬ ಮಾತು ಮೊದಲು ಹೇಳಿದ್ದು ‘ನಂಬಿ, ಇದು ಕೆಡುವುದಿಲ್ಲ’ ಎಂದು. 1797ರಲ್ಲಿ ದಿದೋ ತನ್ನ ವಿಧಾನಕ್ಕೆ ಪೇಟೆಂಟ್ ಪಡೆದ, ಮುಂದೆ ಅಗ್ಗದ ಬೆಲೆಯ ಪ್ರಾಚೀನ ಕೃತಿಗಳನ್ನು ತಟ್ಟೆಗಳಿಂದ ಅಚ್ಚು ಹಾಕಿದ.

ಈ ಭರವಸೆಗೆ ಎಲ್ಲರಿಗಿಂತ ಹೆಚ್ಚು ಮರುಳಾದವನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್. 1821ರಲ್ಲಿ ಗೆಳೆಯ ಜಾನ್ ಹರ್ಶೆಲ್ ಜೊತೆ ಕೂತು ಖಗೋಳದ ಲೆಕ್ಕಪಟ್ಟಿಗಳನ್ನು ತಾಳೆ ನೋಡುವಾಗ ತಪ್ಪಿನ ಮೇಲೆ ತಪ್ಪು ಸಿಕ್ಕಿ ರೋಸಿಹೋದವನು ಆತ. 1827ರಲ್ಲಿ 1ರಿಂದ 1,08,000ದವರೆಗಿನ ಸಂಖ್ಯೆಗಳ ಲಾಗರಿದಮ್ ಕೋಷ್ಟಕವನ್ನು ಸ್ಟೀರಿಯೋಟೈಪ್ ತಟ್ಟೆಗಳಿಂದಲೇ ಪ್ರಕಟಿಸಿದ. ಅವನ ಹೆಸರನ್ನು ನಾವು ಕಂಪ್ಯೂಟರಿನ ಪೂರ್ವಜರ ಪಟ್ಟಿಯಲ್ಲಿ ಓದುತ್ತೇವೆ. ಆದರೆ ಅವನ ‘ಡಿಫರೆನ್ಸ್ ಎಂಜಿನ್’ ಲೆಕ್ಕ ಹಾಕಿ ಸುಮ್ಮನಾಗುವ ಯಂತ್ರವಲ್ಲ ಎಂಬುದನ್ನು ಮರೆಯುತ್ತೇವೆ. ಬಂದ ಉತ್ತರವನ್ನು ಅದು ತಾನೇ ಮೆತ್ತನೆಯ ಜಿಪ್ಸಂ ಹಾಸಿನ ಮೇಲೆ ಒತ್ತಬೇಕಿತ್ತು. ಆ ಹಾಸು ಒಣಗಿದರೆ ಎರಕಕ್ಕೆ ಸಿದ್ಧವಾದ ಅಚ್ಚು. ನಡುವೆ ಮನುಷ್ಯನ ಕೈ, ಕಣ್ಣು, ಬೇಸರ ಯಾವುದೂ ಬರಬಾರದು. ಬ್ಯಾಬೇಜ್ ಅದನ್ನು ಕಟ್ಟಿ ಮುಗಿಸಲಿಲ್ಲ. ಅವನ ಎರಡನೆಯ ನಕ್ಷೆಯ ಪ್ರಕಾರ ಲಂಡನ್ನಿನ ಸೈನ್ಸ್ ಮ್ಯೂಸಿಯಂನವರು ಲೆಕ್ಕದ ಭಾಗವನ್ನು 1991ರಲ್ಲಿ, ಮುದ್ರಣ ಮತ್ತು ಅಚ್ಚಿನ ಭಾಗವನ್ನು 2002ರಲ್ಲಿ ಕಟ್ಟಿ ಮುಗಿಸಿದರು. ಅದು ಕೆಲಸ ಮಾಡುತ್ತದೆ.

ಇಷ್ಟರೊಳಗೆ ತಂತ್ರ ವ್ಯಾಪಾರಕ್ಕೂ ಇಳಿದಿತ್ತು. ಅರ್ಲ್ ಸ್ಟಾನ್‌ಹೋಪ್ ಎಂಬ ಯಂತ್ರಪ್ರಿಯ ಶ್ರೀಮಂತ, ಆಂಡ್ರ್ಯೂ ವಿಲ್ಸನ್ ಎಂಬ ಮುದ್ರಕನ ಜೊತೆ ಸೇರಿ 19ನೇ ಶತಮಾನದ ಮೊದಲ ವರ್ಷಗಳಲ್ಲಿ ಪ್ಲಾಸ್ಟರ್ ಅಚ್ಚಿನ ವಿಧಾನವನ್ನು ಪಳಗಿಸಿದ. ಮೊಳೆಗಳ ಪುಟಕ್ಕೆ ಎಣ್ಣೆ ಸವರಿ ಪ್ಲಾಸ್ಟರ್ ಸುರಿಯುವುದು, ಗಟ್ಟಿಯಾದಮೇಲೆ ಎಬ್ಬಿಸಿ ಒಲೆಯಲ್ಲಿ ಒಣಗಿಸುವುದು, ಕಾದ ಲೋಹದಲ್ಲಿ ಮುಳುಗಿಸುವುದು. ಲೋಹ ಎಂದರೆ ಸೀಸದ ಜೊತೆ ಆಂಟಿಮನಿ, ತವರ. ಸೀಸ ಒಂದೇ ಆದರೆ ಒತ್ತಡಕ್ಕೆ ಮುಖ ಚಪ್ಪಟೆಯಾಗುತ್ತದೆ, ಆಂಟಿಮನಿ ಅದಕ್ಕೆ ಬಿಗಿ ಕೊಡುತ್ತದೆ. 1804ರಲ್ಲಿ ಹುಟ್ಟಿದ ಬ್ರಿಟಿಷ್ ಅಂಡ್ ಫಾರಿನ್ ಬೈಬಲ್ ಸೊಸೈಟಿಗೆ ಬೇಕಿದ್ದದ್ದು ಇದೇ: ಒಂದೇ ಪಠ್ಯ, ಅಕ್ಷರ ಆಚೀಚೆ ಆಗಬಾರದು, ಅಗ್ಗವಾಗಿರಬೇಕು, ಎಂದೂ ಮುಗಿಯಬಾರದು. ಹೊಸ ಒಡಂಬಡಿಕೆಯ ತಟ್ಟೆಗಳು ತಯಾರಾದದ್ದು ಕೇಂಬ್ರಿಜ್‌ನಲ್ಲಿ. ಗೆಡ್‌ನ ಕೆಲಸ ಮಣ್ಣುಪಾಲಾದ ಅದೇ ಊರು.

ಕನ್ನಡಕ್ಕೂ ಮೊಳೆಯ ಕಷ್ಟ ಗೊತ್ತಿದ್ದದ್ದೇ. ಗುಣಿತ, ಒತ್ತು ಎಲ್ಲಾ ಸೇರಿ ನಮ್ಮ ಕೇಸಿನ ಮನೆಗಳು ಇಂಗ್ಲಿಷಿನದಕ್ಕಿಂತ ಎಷ್ಟೋ ಹೆಚ್ಚು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಅಚ್ಚುಕೂಟ ಶುರು ಮಾಡಿದಾಗ ಮೊಳೆಯ ಗೋಜಿಗೆ ಹೋಗದೆ ಕಲ್ಲಚ್ಚು ಹಿಡಿದರು. 1843ರಲ್ಲಿ ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’ ಕಲ್ಲಿನ ಮೇಲಿಂದ ಬಂದದ್ದು. ನಮ್ಮ ಮೊದಲ ಪತ್ರಿಕೆ ಬಿಡಿ ಅಕ್ಷರಗಳಿಂದಲ್ಲ, ಒಂದು ಅಖಂಡ ಬಂಡೆಯಿಂದ ಹುಟ್ಟಿತು ಎಂಬುದು ನನಗೆ ಯಾವಾಗಲೂ ಸೊಗಸೆನಿಸುವ ಸಂಗತಿ. ಇದು ಸ್ಟೀರಿಯೋಟೈಪ್ ಅಲ್ಲ, ಸುಮ್ಮನೆ ನೆನಪಾಯಿತು.

ಈಗ ಗಟ್ಟಿತನದ ಇನ್ನೊಂದು ಮುಖ. ತಟ್ಟೆಯಲ್ಲಿ ತಪ್ಪು ಕಂಡರೆ ತಿದ್ದುವುದು ಹೇಗೆ? ಉಳಿಯಿಂದ ತಪ್ಪಿದ ಜಾಗವನ್ನು ಕೊರೆದು ತೆಗೆದು, ಅಲ್ಲಿಗೆ ಸರಿಯಾದ ಅಕ್ಷರಗಳನ್ನು ಕೂರಿಸಿ ಹಿಂದಿನಿಂದ ಬೆಸುಗೆ ಹಾಕಬೇಕು. ಆಗದ ಕೆಲಸವಲ್ಲ. ಆದರೆ ಒಂದು ಕರಾರಿದೆ: ಹೊಸ ಪದ ಹಳೆಯ ಪದದಷ್ಟೇ ಅಗಲವಿರಬೇಕು. ಉದ್ದವಾದರೆ ಸಾಲು ಹಿಡಿಸದು, ಸಾಲು ಬೆಳೆದರೆ ಪುಟ ಹಿಡಿಸದು. ತಪ್ಪು ಎಷ್ಟು ಜಾಗ ಕೊಟ್ಟಿದೆಯೋ ಅಷ್ಟರಲ್ಲೇ ಸತ್ಯ ಮುದುರಿಕೊಂಡು ಕೂರಬೇಕು. ಅಂಕಿಗಳ ಕೋಷ್ಟಕಕ್ಕೆ ಇದು ತೊಂದರೆಯೇ ಅಲ್ಲ, 1 ತೆಗೆದು 7 ಇಟ್ಟರೆ ಮುಗಿಯಿತು. ವಾಕ್ಯಗಳಿಗೆ ಹಾಗಲ್ಲ. ‘ಈ ಜನ ಹೀಗೆ’ ಎಂಬ ಮೂರು ಪದದ ತಪ್ಪಿಗೆ ತಿದ್ದುಪಡಿ ಒಂದು ಅಧ್ಯಾಯವಾಗಬಹುದು. ದಿದೋಗೆ ಗುಣವಾಗಿದ್ದ ಗಟ್ಟಿತನ ಇಲ್ಲಿ ದೋಷವಾಗುತ್ತದೆ. ಲೋಹ ಅದೇ, ಅದರ ಮೇಲಿರುವ ವಿಷಯ ಬೇರೆ.

ತಟ್ಟೆ ಮಾಡಿಸಿದ ಪ್ರಕಾಶಕನ ಮನಸ್ಸೂ ತಟ್ಟೆಯ ಹಾಗೇ ಆಗುತ್ತಿತ್ತು. ಅದು ಬಂಡವಾಳ, ಆಸ್ತಿ. ಮಾರಬಹುದು, ಹರಾಜು ಹಾಕಬಹುದು. ಲೇಖಕ ಬಂದು ‘ನನ್ನ ಅಭಿಪ್ರಾಯ ಬದಲಾಗಿದೆ, ಮೂರನೆಯ ಅಧ್ಯಾಯ ಬೇರೆ ಬರೆಯುತ್ತೇನೆ’ ಎಂದರೆ ಅವನಿಗೆ ಕಾಣುವುದು ವ್ಯರ್ಥವಾಗುವ ಸೀಸ. ಮರುಮುದ್ರಣ ಬೇರೆ, ಪರಿಷ್ಕೃತ ಆವೃತ್ತಿ ಬೇರೆ ಎಂಬ ಭೇದ ಪ್ರಕಾಶಕನ ಲೆಕ್ಕದಲ್ಲಿ ಇಷ್ಟು ಕಟುವಾದದ್ದು ತಟ್ಟೆಗಳ ಕಾಲದಲ್ಲಿ.

ಪ್ಲಾಸ್ಟರ್ ಅಚ್ಚು ಒಂದು ಎರಕಕ್ಕೆ ಒಡೆದುಹೋಗುತ್ತಿತ್ತು. 1829ರಲ್ಲಿ ಲಿಯೋನ್ ನಗರದ ಕ್ಲೋದ್ ಜೆನೂ ಪ್ಲಾಸ್ಟರಿನ ಬದಲು ಅಂಟು ಹಚ್ಚಿದ ಒದ್ದೆ ಕಾಗದಗಳ ಪದರ ಬಳಸಿದ. ಮೊಳೆಗಳ ಮೇಲೆ ಹಾಸಿ ಬ್ರಷ್ಷಿನಿಂದ ಬಡಿದು ಒಣಗಿಸಿದರೆ ಅಕ್ಷರಗಳು ಕಾಗದದಲ್ಲಿ ಕುಳಿಯಾಗಿ ಮೂಡುತ್ತವೆ. ಇಂಗ್ಲಿಷ್ ಮುದ್ರಕರು ಅದನ್ನು ‘ಫ್ಲಾಂಗ್’ ಎಂದರು. ಒಂದೇ ಕಾಗದದಿಂದ ಹಲವು ಎರಕ ಬರುತ್ತವೆ. ಕಾಗದ ಬಗ್ಗುವುದರಿಂದ ಅರ್ಧ ಕೊಳವೆಯ ಆಕಾರದ ತಟ್ಟೆ ಹೊಯ್ಯಬಹುದು, ತಿರುಗುವ ಉರುಳೆಗೆ ಕಟ್ಟಬಹುದು. ದಿನಪತ್ರಿಕೆಯ ರೋಟರಿ ಯಂತ್ರಗಳು ಇದರಿಂದ ಬದುಕಿದವು. ದೊಡ್ಡ ಪತ್ರಿಕಾ ಕಚೇರಿಗಳಲ್ಲೆಲ್ಲಾ ಸ್ಟೀರಿಯೋ ವಿಭಾಗ ಎಂಬುದೊಂದು ಬಿಸಿಯಾದ, ಗದ್ದಲದ ಕೋಣೆ ಇರುತ್ತಿತ್ತು. ಇಂಥದೇ ಗದ್ದಲದಿಂದ ಫ್ರೆಂಚರು ಇನ್ನೊಂದು ಪದ ಹುಟ್ಟಿಸಿದರು: ಅಚ್ಚು ಕರಗಿದ ಲೋಹದ ಮೇಲೆ ಬೀಳುವ ಸದ್ದಿನಿಂದ ‘ಕ್ಲೀಷೆ’. ಅದರ ಮೊದಲ ಅರ್ಥವೂ ಎರಕದ ತಟ್ಟೆಯೇ. ಸವಕಲು ಮಾತಿಗೂ ಸವಕಲು ಚಿತ್ರಕ್ಕೂ ಇಂದು ನಾವು ಬಳಸುವ ಎರಡೂ ಹೆಸರು ಒಂದೇ ಕೋಣೆಯಿಂದ ಬಂದವು.

19ನೇ ಶತಮಾನ ಅರ್ಧ ಕಳೆಯುವ ಹೊತ್ತಿಗೆ ಇಂಗ್ಲಿಷಿನಲ್ಲಿ ‘ಸ್ಟೀರಿಯೋಟೈಪ್ಡ್’ ಎಂದರೆ ಹೇಳಿದ್ದನ್ನೇ ಹೇಳುವ, ಮಾರ್ಪಾಡಿಲ್ಲದ ಎಂಬ ಅರ್ಥ ನೆಲೆಸಿತ್ತು. ಮನೋವೈದ್ಯರು ರೋಗಿಗಳು ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವುದಕ್ಕೆ ಅದೇ ಬೇರಿನ ಹೆಸರಿಟ್ಟರು. ಆದರೆ ಮನುಷ್ಯರ ಗುಂಪುಗಳ ಬಗ್ಗೆ ನಮ್ಮ ತಲೆಯಲ್ಲಿರುವ ಸಿದ್ಧಚಿತ್ರ ಎಂಬ ಇಂದಿನ ಅರ್ಥಕ್ಕೆ ಒಬ್ಬನ ಹೆಸರು ಹೇಳಬೇಕು. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್, 1922ರ ‘ಪಬ್ಲಿಕ್ ಒಪಿನಿಯನ್’ ಪುಸ್ತಕ.

ಲಿಪ್‌ಮನ್ ಆಕಾಶದಿಂದ ಮಾತಾಡಿದವನಲ್ಲ. ಅದಕ್ಕೆ ಎರಡು ವರ್ಷ ಮೊದಲು, 1920ರಲ್ಲಿ, ಅವನೂ ಚಾರ್ಲ್ಸ್ ಮರ್ಜ್ ಎಂಬ ಇನ್ನೊಬ್ಬ ಪತ್ರಕರ್ತನೂ ರಷ್ಯಾ ಕ್ರಾಂತಿಯ ಬಗ್ಗೆ ‘ನ್ಯೂಯಾರ್ಕ್ ಟೈಮ್ಸ್’ ಬರೆದದ್ದನ್ನು ಸಾಲುಸಾಲಾಗಿ ಪರಿಶೀಲಿಸಿದ್ದರು. ಎರಡು ವರ್ಷದೊಳಗೆ ಬೋಲ್ಶೆವಿಕ್ ಸರ್ಕಾರ ಬಿತ್ತು, ಇನ್ನೇನು ಬೀಳುತ್ತದೆ ಎಂಬ ಸುದ್ದಿ 91 ಸಲ ಬಂದಿತ್ತು. ಸುಳ್ಳು ಹೇಳುವ ಸಂಚು ಇದು ಎಂದು ಅವರು ಹೇಳಲಿಲ್ಲ. ಸಂಪಾದಕರು ಕಂಡದ್ದನ್ನು ಬರೆಯುವ ಬದಲು ಕಾಣಬಯಸಿದ್ದನ್ನು ಬರೆದಿದ್ದರು. ಲಿಪ್‌ಮನ್ ಕೇಳಿಕೊಂಡ ಪ್ರಶ್ನೆ ಅಲ್ಲಿಂದ ಮುಂದಿನದು: ಇಷ್ಟು ದೊಡ್ಡ ಜಗತ್ತನ್ನು ಯಾವ ಮನುಷ್ಯ ತಾನೇ ಪ್ರತಿದಿನ ಮೊದಲ ಅಕ್ಷರದಿಂದ ಜೋಡಿಸಿಕೊಳ್ಳಬಲ್ಲ? ಪುರುಸೊತ್ತಿಲ್ಲ. ಹಾಗಾಗಿ ನಮ್ಮ ಸಮಾಜ ಮೊದಲೇ ಎರಕ ಹೊಯ್ದಿಟ್ಟ ತಟ್ಟೆಗಳಿಂದ ನೋಡುತ್ತೇವೆ. ಮೊದಲು ಹೆಸರಿಡುತ್ತೇವೆ, ಆಮೇಲೆ ಕಾಣುತ್ತೇವೆ. ಪತ್ರಿಕೆಗಳ ನಡುವೆ ಬಾಳಿದವನಿಗೆ ಆ ರೂಪಕವನ್ನು ವಿವರಿಸುವ ಅಗತ್ಯ ಇರಲಿಲ್ಲ, ಅವನ ಓದುಗರಿಗೂ ಅದು ನಿತ್ಯದ ವಸ್ತು.

ಲಿಪ್‌ಮನ್ನನ ಮಾತಿನ ಅರ್ಧವನ್ನು ಮಾತ್ರ ನಾವು ಉಳಿಸಿಕೊಂಡಿದ್ದೇವೆ ಎಂಬುದು ನನ್ನ ತಕರಾರು. ಸ್ಟೀರಿಯೋಟೈಪ್ ಮಾಡುವವನು ದುಷ್ಟ ಅಥವಾ ಸೋಮಾರಿ ಎಂದು ತೀರ್ಮಾನಿಸಿ ನಮ್ಮ ವಿಮರ್ಶೆ ಮುಗಿಯುತ್ತದೆ. ಲಿಪ್‌ಮನ್ ಹೇಳಿದ್ದು ಮಿತವ್ಯಯದ ಮಾತು. ತಟ್ಟೆ ಖರ್ಚು ಉಳಿಸುತ್ತದೆ, ಅದಕ್ಕೇ ಜನ ಅದನ್ನು ಬಿಡುವುದಿಲ್ಲ. ಜೊತೆಗೆ ಅದು ನಮ್ಮ ಸ್ಥಾನಮಾನವನ್ನೂ ಕಾಯುತ್ತದೆ.

ಇಂಥ ಸಿದ್ಧ ತಟ್ಟೆ ಎಷ್ಟು ಸಲೀಸಾಗಿ ಕೈ ಸೇರುತ್ತದೆ ಎಂಬುದಕ್ಕೊಂದು ಉದಾಹರಣೆ: 1933ರಲ್ಲಿ ಡೇನಿಯಲ್ ಕ್ಯಾಟ್ಸ್ ಮತ್ತು ಕೆನೆತ್ ಬ್ರೇಲಿ ಎಂಬ ಮನಶ್ಶಾಸ್ತ್ರಜ್ಞರು ಪ್ರಿನ್ಸ್‌ಟನ್ನಿನ 100 ವಿದ್ಯಾರ್ಥಿಗಳ ಕೈಗೆ 84 ಗುಣವಾಚಕಗಳ ಪಟ್ಟಿ ಕೊಟ್ಟು, 10 ಜನಸಮುದಾಯಗಳಿಗೆ ಹೊಂದಿಸಿ ಎಂದರು. ತುರ್ಕರಿಗೆ ಹೆಚ್ಚು ಜನ ಆರಿಸಿದ್ದು ‘ಕ್ರೂರಿ’ ಎಂಬ ಪದ. ಆ ಹುಡುಗರಲ್ಲಿ ಬಹುಪಾಲಿಗೆ ಒಬ್ಬ ತುರ್ಕನ ಪರಿಚಯವೂ ಇದ್ದಿರಲಾರದು. ಮೊಳೆ ಯಾರು ಜೋಡಿಸಿದರೋ, ಎರಕ ಯಾವಾಗ ಆಯಿತೋ, ಕೈಗೆ ಬಂದದ್ದು ತಟ್ಟೆ.

ನಮ್ಮ ಅಟ್ಟದ ಮೇಲಿನ ಒಂದು ತಟ್ಟೆಯನ್ನೂ ಇಳಿಸಿ ನೋಡೋಣ. ಕನ್ನಡ ಸಿನಿಮಾದಲ್ಲಿ ಬಹುಕಾಲ ಮಂಗಳೂರಿನವರೆಂದರೆ ‘ಎಂತ ಮಾರಾಯ’ ಎಂದು ಶುರು ಮಾಡಿ ಪುಸ್ತಕದ ಕನ್ನಡ ಒದರುವ ಹಾಸ್ಯಪಾತ್ರ. ಪೂರ್ತಿ ಕಟ್ಟುಕಥೆ ಎನ್ನುವಂತಿಲ್ಲ. ಅಲ್ಲಿ ಎಷ್ಟೋ ಮನೆಗಳ ಮಾತು ತುಳು, ಕೊಂಕಣಿ, ಬ್ಯಾರಿ. ಕನ್ನಡ ಶಾಲೆಯ ಮೂಲಕ ಬಂದದ್ದು, ಆದ್ದರಿಂದ ಅದರಲ್ಲಿ ಪಠ್ಯದ ಶಿಸ್ತು ಉಳಿದಿದೆ. ಮೊಳೆ ನಿಜವಾದದ್ದೇ. ಎರಕ ಹೊಯ್ದಾಗ ಆ ಕಾರಣ ಉದುರಿಹೋಯಿತು, ನಗೆ ಉಳಿಯಿತು. ಉಳಿಯಿಂದ ಕೊರೆದು ಒಂದು ಪದ ತಿದ್ದಿದರೆ ಇದು ಸರಿಹೋಗುವಂಥದ್ದಲ್ಲ. ಮೂರು ಭಾಷೆಗಳ ನಡುವೆ ಬೆಳೆಯುವ ಊರನ್ನು ಆ ಹಾಸ್ಯಪಾತ್ರದ ಅಗಲದಲ್ಲಿ ಕೂರಿಸಲಾಗದು. 2014ರ ‘ಉಳಿದವರು ಕಂಡಂತೆ’, 2017ರ ‘ಒಂದು ಮೊಟ್ಟೆಯ ಕಥೆ’ ತಿದ್ದುವ ಗೋಜಿಗೇ ಹೋಗಲಿಲ್ಲ. ಕರಾವಳಿಯ ಕನ್ನಡದಲ್ಲಿ ಜಗಳ, ಪ್ರೀತಿ, ನಾಚಿಕೆ, ಸಾವು ಎಲ್ಲವನ್ನೂ ಮೊದಲ ಮೊಳೆಯಿಂದ ಜೋಡಿಸಿದವು. ಖರ್ಚಿನ ಕೆಲಸ ಅದು. ಪ್ರೇಕ್ಷಕರಿಗೂ ಖರ್ಚೇ, ಮೊದಲ ಅರ್ಧ ಗಂಟೆ ಕಿವಿ ಹೊಂದಿಸಿಕೊಳ್ಳಬೇಕು. ಅವು ಬಂದಮೇಲೆ ಅದೇ ಧಾಟಿಯಲ್ಲಿ ಮಾತಾಡುವ ಜಾಹೀರಾತುಗಳೂ ರೀಲ್ಸುಗಳೂ ಸಾಲುಸಾಲಾಗಿ ಬರುತ್ತಿವೆ, ಅದನ್ನೂ ನೀವು ಗಮನಿಸಿರುತ್ತೀರಿ.